ಮಾವನ ಪೆಟ್ಟಿಗೆ ತೋರಿಸಿದ ಜಾಗ

ನನ್ನ ಸೋದರಮಾವ ಈಗ ಟ್ಯಾಕ್ಸಿ ಓಡಿಸುವುದಿಲ್ಲ. ಓಡಿಸುತ್ತಿದ್ದಾಗ, ಯಾರನ್ನಾದರೂ ದಾರಿ ಕೇಳುವುದೆಂದರೆ ಅವನಿಗೆ ಮರ್ಯಾದೆ ಹೋದ ಹಾಗೆ. ಜಿಪಿಎಸ್ ಪೆಟ್ಟಿಗೆ ಬಂದ ಮೇಲಂತೂ ಅವನನ್ನು ಹಿಡಿಯುವವರೇ ಇರಲಿಲ್ಲ. ಹಿಂದೆ ಕೂತವರು ಕೇಳಲಿ ಬಿಡಲಿ, ಪಾಠ ಶುರು. ಮೇಲೆ ಸುತ್ತುವ ಉಪಗ್ರಹಗಳು ತಮ್ಮ ಗಡಿಯಾರದ ಸಮಯವನ್ನು ಕಳಿಸುತ್ತಲೇ ಇರುತ್ತವಂತೆ. ಸಂಕೇತ ತಲುಪಲು ಎಷ್ಟು ಹೊತ್ತಾಯಿತು ಎಂಬುದರಿಂದ ಪೆಟ್ಟಿಗೆ ಒಂದೊಂದರ ದೂರ ಅಳೆಯುತ್ತದಂತೆ. ಮೂರರ ದೂರ ಸಿಕ್ಕರೆ ಜಾಗ ತಿಳಿಯುತ್ತದೆ, ನಾಲ್ಕನೆಯದು ಪೆಟ್ಟಿಗೆಯ ಅಗ್ಗದ ಗಡಿಯಾರವನ್ನು ತಿದ್ದುವುದಕ್ಕೆ. ಇಷ್ಟು ಹೇಳಿ ಕನ್ನಡಿಯಲ್ಲಿ ನಮ್ಮ ಮುಖ ನೋಡುತ್ತಿದ್ದ, ಉಪಗ್ರಹಗಳನ್ನು ತಾನೇ ಹಾರಿಬಿಟ್ಟವನ ಹಾಗೆ.

ಫೋನಿನಲ್ಲಿ ಯಾರಾದರೂ ಎಲ್ಲಿದ್ದೀಯ ಎಂದರೆ ಅಂಗಡಿ, ತಿರುವು ಎಂದೆಲ್ಲ ಗುರುತು ಹೇಳುತ್ತಿರಲಿಲ್ಲ. ಪರದೆಯ ಮೇಲಿನ ಅಕ್ಷಾಂಶ, ರೇಖಾಂಶಗಳನ್ನೇ ಗಟ್ಟಿಯಾಗಿ ಓದುತ್ತಿದ್ದ. ನಾವು ನಗುತ್ತಿದ್ದೆವು. ಅವನ ತಾಯಿ, ಅಂದರೆ ನನ್ನಜ್ಜಿ, ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಳು.

ಅವತ್ತು ಮಧ್ಯಾಹ್ನ ಅಜ್ಜಿ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲೇ ಕುಸಿದಳು. ಮಾವ ಅವಳನ್ನು ಎತ್ತಿ ತಂದು ಟ್ಯಾಕ್ಸಿಯಲ್ಲಿ ಮಲಗಿಸಿದ. ತಲೆ ನನ್ನ ತೊಡೆಯ ಮೇಲೆ. ಮೇಲ್ಸೇತುವೆಯ ಕೆಳಗಿನ ರಸ್ತೆಯಲ್ಲಿ ಅರ್ಧ ದಾರಿ ಬಂದಿದ್ದೆವು, ಎಂಜಿನ್ ಕೆಮ್ಮಿ ನಿಂತೇಬಿಟ್ಟಿತು. ಎಷ್ಟು ಸಲ ಕೀಲಿ ತಿರುಗಿಸಿದರೂ ಜಪ್ಪಯ್ಯ ಅನ್ನಲಿಲ್ಲ. ಭಾನುವಾರ, ಬೀದಿಯಲ್ಲಿ ನರಪಿಳ್ಳೆಯಿಲ್ಲ. ಪಕ್ಕದಲ್ಲಿದ್ದ ಒಂದೇ ಒಂದು ಟೈರ್ ಅಂಗಡಿಯ ಬಾಗಿಲೂ ಹಾಕಿತ್ತು. ಅಜ್ಜಿಯ ಉಸಿರಿನಲ್ಲಿ ಸೀಟಿಯಂಥ ಸದ್ದು ಬರತೊಡಗಿತು.

ಮಾವ ಆಂಬುಲೆನ್ಸಿಗೆ ಫೋನ್ ಮಾಡಿದ. ಹತ್ತಿರ ಏನಿದೆ ಎಂದು ಆ ಕಡೆಯ ಹೆಂಗಸು ಕೇಳಿದ್ದು ನನಗೂ ಕೇಳಿಸಿತು.

"ಗುರುತೆಲ್ಲ ಯಾಕ್ರೀ? ನಂಬರ್ ಹೇಳ್ತೀನಿ, ಬರ್ಕೊಳ್ಳಿ. ಒಂದಡಿ ಆಚೀಚೆ ಆಗಲ್ಲ."

ಸೇತುವೆ ಕೆಳಗೆ ಅಂತ ಹೇಳು ಮಾವ ಎಂದೆ. ಸುಮ್ಮನಿರು ಎಂಬಂತೆ ಕೈಯೆತ್ತಿದ. ಆ ಕೈ ಕಚ್ಚಿಬಿಡುವಷ್ಟು ಸಿಟ್ಟು ಬಂತು. ಅಷ್ಟರಲ್ಲಿ ಅಂಕಿ ಓದಿ ಮುಗಿಸಿ ಫೋನ್ ಇಟ್ಟಿದ್ದ.

ಅಂಕಿಗಳು ಸರಿಯಾಗಿಯೇ ಇದ್ದವು. ಆದರೆ ಅಲ್ಲಿ ಒಂದರ ಮೇಲೊಂದು ಎರಡು ರಸ್ತೆ. ಅಕ್ಷಾಂಶ, ರೇಖಾಂಶಕ್ಕೆ ಮೇಲೆ ಕೆಳಗೆ ಗೊತ್ತಾಗುವುದಿಲ್ಲ. ಆಂಬುಲೆನ್ಸಿನವನ ಪರದೆಯೂ ಮೇಲಿನ ರಸ್ತೆಯನ್ನೇ ತೋರಿಸಿತ್ತು.

ಸೈರನ್ ದೂರದಿಂದ ಕೇಳಿಸಿತು, ಹತ್ತಿರವಾಯಿತು, ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬಂದು ನಿಂತಿತು. ಮಾವನ ಫೋನ್ ರಿಂಗಾಯಿತು. ಡ್ರೈವರ್ ಮಾತಾಡಿದ.

"ನೀವು ಹೇಳಿದ ಜಾಗದಲ್ಲೇ ನಿಂತಿದೀನಿ. ಎಲ್ಲಿದೀರಿ ನೀವು?"

ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಲೆ ನೋಡಿದ. ಕಾಣಿಸಿದ್ದು ಬರೀ ಕಾಂಕ್ರೀಟು.

"ಕೆಳಗೆ," ಎಂದ. ಸೇತುವೆಯ ಕೆಳಗೆ ಎಂದು ಇನ್ನೊಮ್ಮೆ ಹೇಳಿದ.

ಸೇತುವೆ ಮುಗಿಯುವ ತನಕ ಹೋಗಿಯೇ ಇಳಿಯಬೇಕು, ನಡುವೆ ತಿರುಗಲು ಜಾಗವಿಲ್ಲ ಎಂದ ಡ್ರೈವರ್. ಸೈರನ್ ಮತ್ತೆ ಶುರುವಾಗಿ ನಮ್ಮಿಂದ ದೂರ ಹೊರಟಿತು. ಆಗ ಅಜ್ಜಿ ಕಣ್ಣು ಬಿಟ್ಟಳು. ಮಾವ ಹಿಂದಕ್ಕೆ ಚಾಚಿದ್ದ ಕೈಯನ್ನು ಹಿಡಿದುಕೊಂಡಳು.

"ಬಂತಲ್ಲ ಮಗಾ," ಎಂದಳು. "ಇನ್ನು ಹೆದರ್ಬೇಡ."

"ಹೂಂ ಅಮ್ಮ, ಬಂತು," ಎಂದ ಮಾವ.

ಆಂಬುಲೆನ್ಸ್ ಇಳಿದು ಸುತ್ತಿ ಬಂದು ನಮ್ಮ ಪಕ್ಕ ನಿಂತಾಗಲೂ ಅವನು ಅದನ್ನೇ ಹೇಳುತ್ತಿದ್ದ. ಅಜ್ಜಿಯ ಬೆರಳು ಅವನ ಕೈಯಿಂದ ಜಾರಿ ಬಹಳ ಹೊತ್ತಾಗಿತ್ತು.