ನವಿಲು ತಿಂದ ಚಾಕಿ

ನವಿಲನ್ನು ಕಂಡು ಜನ ಆಹಾ ಎಂದು ನಿಂತರೆ ನನಗೆ ಇಂದಿಗೂ ಮೈ ಉರಿಯುತ್ತದೆ. ನನ್ನ ಕಾಲು ಮೋಟರ್ ಬೈಕಿನಡಿ ಸಿಕ್ಕಿಕೊಂಡಿದ್ದಾಗ, ನನ್ನ ಕಣ್ಣೆದುರಿಗೇ ಒಂದು ಮನೆಯ ಇಡೀ ಬೆಳೆಯನ್ನು ಹೆಕ್ಕಿ ತಿಂದ ಹಕ್ಕಿ ಅದು.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮದು ಶಿಡ್ಲಘಟ್ಟ. ನಮ್ಮಪ್ಪ, ಅಂದರೆ ಅಬ್ಬಾ, ಮನೆಯಲ್ಲೇ ರೇಷ್ಮೆ ನೂಲು ತೆಗೆಯುತ್ತಿದ್ದರು. ಬೇಯುವ ಗೂಡಿನ ವಾಸನೆ ನನಗೆ ಆಗುತ್ತಿರಲಿಲ್ಲ. ಅವರ ಜೊತೆ ಜಗಳವಾಡಿಕೊಂಡು ಊರಾಚೆಯ ಶೆಡ್ಡಿನಲ್ಲಿ ಚಾಕಿ ಸಾಕತೊಡಗಿದೆ. ಚಾಕಿ ಎಂದರೆ ರೇಷ್ಮೆ ಹುಳುವಿನ ಎಳೆಗೂಸಿನ ಕಾಲ, ಆ ಎಳೆ ಹುಳುವಿಗೂ ಅದೇ ಹೆಸರು. ಹುಳು ಆಗಾಗ ಮೇವು ಬಿಟ್ಟು ಪೊರೆ ಕಳಚಲು ಕೂರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಎರಡನೇ ಜ್ವರ ಎದ್ದ ಹುಳುವನ್ನು ರೈತರ ಮನೆಗೆ ಮುಟ್ಟಿಸುವುದು ನನ್ನ ಕೆಲಸ. ಎದ್ದ ಹುಳುವಿಗೆ ಹಸಿವು ಜಾಸ್ತಿ, ಬಿಸಿಲು ಆಗದು. ಹಾಗಾಗಿ ಬೆಳಕು ಹರಿಯುವ ಹೊತ್ತಿಗೇ ದಾರಿಯಲ್ಲಿರಬೇಕು. ಬೆಟ್ಟದ ಪ್ರಾಣಿಗಳು ರಸ್ತೆ ದಾಟುವ ಹೊತ್ತೂ ಅದೇ ಎಂದು ನನಗೆ ಆಗ ಗೊತ್ತಿರಲಿಲ್ಲ.

ಅಂಬಾಜಿದುರ್ಗದ ಬುಡದ ಒಂದು ಹಳ್ಳಿಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರಿದ್ದರು. ಹುಳು ಮನೆಯ ಯಜಮಾನಿಕೆ ಅವರದೇ. ನಾನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಸಾಬಣ್ಣ ಎನ್ನುತ್ತಿದ್ದರು. ಅವರು ಯಾರ ಚಾಕಿ ತೆಗೆದುಕೊಂಡರೋ ಊರೂ ಅವರ ಚಾಕಿಯನ್ನೇ ತೆಗೆದುಕೊಳ್ಳುತ್ತಿತ್ತು. ನನ್ನಂಥ ಹೊಸಬನನ್ನು ಅವರು ಒಪ್ಪಿಕೊಂಡಿದ್ದೇ ದೊಡ್ಡದು.

ಚಿಂತಾಮಣಿ ರಸ್ತೆ ಬಿಟ್ಟು ಬೆಟ್ಟದ ಕಡೆ ತಿರುಗಿದರೆ, ಸುಗ್ಗಿಯ ದಿನಗಳಲ್ಲಿ ಟಾರು ರಸ್ತೆಯೇ ಕಣ. ಮೊದಲ ಬಸ್ಸಿನ ಚಕ್ರಕ್ಕೆ ಸಿಗಲೆಂದು ಜನ ನಸುಕಿಗೇ ಹುರುಳಿ ಗಿಡ ಹರಡಿ, ಮನೆಗೆ ಕಾಫಿ ಕುಡಿಯಲು ಹೋಗುತ್ತಾರೆ. ಅವರು ಅತ್ತ ಹೋದೊಡನೆ ನವಿಲುಗಳು ಇತ್ತ ಇಳಿಯುತ್ತವೆ. ಆ ದಿನ ತಿರುವು ದಾಟುತ್ತಲೇ ಹತ್ತು ಹನ್ನೆರಡು ನವಿಲು ಕಂಡವು. ನಾನು ವೇಗ ತಗ್ಗಿಸಲಿಲ್ಲ, ಹಾರನ್ ಒತ್ತಿದೆ. ಹೆಣ್ಣುಗಳೆಲ್ಲ ಪುರ್ರನೆ ಹಾರಿದವು. ದಾರಿ ಬಿಟ್ಟವು ಎಂದುಕೊಂಡೆ. ಕೊನೆಯಲ್ಲಿದ್ದ ಗಂಡು ಮಾತ್ರ ನಾಲ್ಕು ಹೆಜ್ಜೆ ಓಡಿ, ಭಾರದ ಮೈ ಎತ್ತಿಕೊಂಡು ಸರಿಯಾಗಿ ನನ್ನ ಮುಖದ ಮಟ್ಟಕ್ಕೆ ಎದ್ದಿತು. ಹ್ಯಾಂಡಲ್ ತಿರುಗಿಸಿದೆ. ಚಕ್ರ ಹುರುಳಿ ಮೇಲೆ ಜಾರಿತು. ನಾನು, ಗಾಡಿ, ಹಿಂದೆ ಕಟ್ಟಿದ್ದ ಬಿದಿರು ತಟ್ಟೆಗಳು ಎಲ್ಲ ಚೆಲ್ಲಾಪಿಲ್ಲಿಯಾದೆವು.

ಹಾರಿಹೋದ ಹಕ್ಕಿಗಳು ಸ್ವಲ್ಪ ಹೊತ್ತಿಗೆ ವಾಪಸ್ ಬಂದವು. ಹುರುಳಿಯನ್ನು ಬಿಟ್ಟು ನನ್ನ ಹುಳುಗಳಿಗೆ ಬಾಯಿ ಹಾಕಿದವು. ಕಾಲು ಗಾಡಿಯಡಿ ಸಿಕ್ಕಿದ್ದರಿಂದ ಏಳಲಾಗದೆ ನಾನು ಕೂಗಿದೆ, ಬೈದೆ, ಕೈಗೆ ಸಿಕ್ಕ ಚಪ್ಪಲಿ ಎಸೆದೆ. ಅವುಗಳಲ್ಲೊಂದು ಆ ಚಪ್ಪಲಿಯನ್ನೂ ಕುಕ್ಕಿ ನೋಡಿತು.

ಜನ ಓಡಿ ಬಂದು ಗಾಡಿ ಎತ್ತಿದರು. ಕಾಲು ಮುರಿದಿರಲಿಲ್ಲ, ಬಾಯಿಯೂ ಚೆನ್ನಾಗಿಯೇ ಇತ್ತು. "ರಸ್ತೆ ಏನ್ ನಿಮ್ಮ ತಾತಂದಾ? ಇಲ್ಲಿ ಯಾಕ್ರೀ ಹುರುಳಿ ಹಾಕ್ತೀರಾ?" ಎಂದು ಎಗರಾಡಿದೆ. ಅಷ್ಟರಲ್ಲಿ ಅಕ್ಕನೂ ಬಂದರು. ಖಾಲಿ ತಟ್ಟೆ ಎತ್ತಿ ನೋಡಿದರು.

"ಹುರುಳಿ ನಾವು ಹುಟ್ಟಿದಾಗಿಂದ ಇಲ್ಲೇ ಹಾಕ್ತೀವಪ್ಪ. ನವಿಲೂ ಅವಾಗಿಂದ ಬರ್ತಾವೆ. ಹೊಸದಾಗಿ ಬಂದಿರೋನು ನೀನೊಬ್ಬನೇ ಕಣೋ ಸಾಬಣ್ಣ," ಎಂದರು. ಆಮೇಲೆ ದನಿ ತಗ್ಗಿಸಿ, "ತೋಟದಾಗೆ ಹುಳಕ್ಕೆ ಅಂತ ಬೆಳೆದ ಸೊಪ್ಪು ತುಂಬಿ ನಿಂತಿದೆ. ಈಗ ದನಕ್ಕೆ ಹಾಕ್ಬೇಕು. ಇನ್ನೊಂದು ಸಲ ನೋಡ್ತೀನಿ. ಅದೂ ಹಿಂಗೇ ಆದ್ರೆ ಬೇರೆ ಕಡೆ ತರಿಸ್ಕೊತೀನಿ. ಬೇಜಾರ್ ಮಾಡ್ಕೋಬ್ಯಾಡ," ಎಂದರು.

ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ದನಕ್ಕೆ ಹಾಕಬೇಕು ಎಂದ ಮಾತು ಎದೆಗೆ ನಾಟಿತು. ಮನೆಯಲ್ಲಿ ಅಮ್ಮಿ ಮಂಡಿಗೆ ಅರಿಶಿನ ಮೆತ್ತುತ್ತಾ "ಗಾಡಿ ಬೇಚ್ ಡಾಲ್ ಬೇಟಾ," ಮಾರಿಬಿಡು ಎಂದು ಗೋಳಾಡಿದರು. ಅಬ್ಬಾ ನೂಲಿನ ಒಲೆ ಕಡೆ ಒಮ್ಮೆ ನೋಡಿದರು. ನಾನು ಮಾರುವುದಿಲ್ಲ, ಆ ಒಲೆಗೂ ಬರುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ.

ಮುಂದಿನ ಚಾಕಿ ಏಳಲು ಇನ್ನೂ ಕೆಲವು ದಿನಗಳಿದ್ದವು. ಅಷ್ಟೂ ದಿನ ನಸುಕಿಗೆ ಖಾಲಿ ತಟ್ಟೆ ಕಟ್ಟಿಕೊಂಡು ಅದೇ ದಾರಿಯಲ್ಲಿ ಹೋಗಿ ಬಂದೆ. ಜನ ನಕ್ಕರು. ನಾನು ಪ್ರಾಣಿಗಳ ನಡೆ ಗಮನಿಸುತ್ತಾ ಹೋದೆ. ಮೊಲ ಲೈಟಿನ ಬೆಳಕಿಗೆ ಸಿಕ್ಕರೆ ಪಕ್ಕಕ್ಕೆ ಹೋಗದೆ ಮುಂದೆ ಮುಂದೆಯೇ ಓಡುತ್ತದೆ. ನಿಂತು ಲೈಟು ಆರಿಸಿದರೆ ಮಾಯ. ರಾತ್ರಿ ಚಳಿಯಾದ ಮಾರನೆಯ ದಿನ ಹೊತ್ತು ಹುಟ್ಟುತ್ತಲೇ ಹಾವು ಬಂದು ಟಾರಿನ ಮೇಲೆ ಮೈ ಕಾಯಿಸುತ್ತದೆ. ಹರಡಿದ ಹುರುಳಿಯೊಳಗೆ ಇದ್ದರಂತೂ ಕಾಣುವುದೇ ಇಲ್ಲ. ಹುರುಳಿ ಕಂಡಲ್ಲಿ ಎಂಜಿನ್ ಆರಿಸಿ, ಇಳಿದು, ಗಾಡಿ ತಳ್ಳಿಕೊಂಡು ಅಂಚಿನಲ್ಲಿ ನಡೆಯುವುದನ್ನು ಕಲಿತೆ. ನನ್ನ ವಯಸ್ಸಿನವನಿಗೆ ಅದು ಅವಮಾನವೇ. ಆದರೆ ಕಲಿತೆ.

ಆ ದಿನ ಬಂತು. ತಟ್ಟೆಗಳಿಗೆ ಒದ್ದೆ ಬಟ್ಟೆ ಹೊದಿಸಿ ಹೊರಟೆ. ಹುರುಳಿ ಕಣಗಳನ್ನೆಲ್ಲ ತಳ್ಳಿಕೊಂಡೇ ದಾಟಿದೆ. ಹಳ್ಳಿಯ ಕೆರೆ ಏರಿಯ ಮೇಲೆ, ಇನ್ನೇನು ತಲುಪಿದೆ ಎನ್ನುವಾಗ ಒಂದು ಕಾಡುಹಂದಿ ಅಡ್ಡ ದಾಟಿತು. ನಿಂತೆ. ಹಿಂದೆಯೇ ಮರಿಗಳು, ಒಂದೊಂದಾಗಿ, ಅವಸರವಿಲ್ಲದೆ. ಆಮೇಲೆ ದಾರಿ ಖಾಲಿ.

ಹೊತ್ತು ಏರುತ್ತಿತ್ತು. ಬೆನ್ನಿಗೆ ಬಿಸಿಲು ತಾಗುತ್ತಿತ್ತು. ಬಟ್ಟೆ ಒಣಗುತ್ತಿರುವುದು ಕೈಗೆ ಗೊತ್ತಾಗುತ್ತಿತ್ತು. ಹೋಗು, ಖಾಲಿಯಿದೆಯಲ್ಲ ಎಂದು ನನ್ನ ಹಳೆಯ ಬುದ್ಧಿ ಕಿವಿಯಲ್ಲಿ ಕೂತು ಒದರುತ್ತಿತ್ತು. ಕಾಲು ಗೇರಿನ ಮೇಲೇ ಇತ್ತು. ಕೊನೆಯದು ಯಾವಾಗಲೂ ತಡವಾಗಿ ಬರುತ್ತದೆ ಎಂದು ನವಿಲು ಕಲಿಸಿತ್ತು. ಹಲ್ಲು ಕಚ್ಚಿ ನಿಂತೆ. ನೀರಿನ ಬಾಟಲಿ ಬಿಚ್ಚಿ ಬಟ್ಟೆಗೆ ಚಿಮುಕಿಸಿದೆ. ಲಂಟಾನ ಪೊದೆ ಅಲುಗಿತು. ಎಮ್ಮೆ ಕರುವಿನಷ್ಟಿದ್ದ ಗಂಡುಹಂದಿ ಬಾಣದಂತೆ ನುಗ್ಗಿ, ನಾನು ಹೋಗಿದ್ದರೆ ಎಲ್ಲಿರುತ್ತಿದ್ದೆನೋ ಸರಿಯಾಗಿ ಆ ಜಾಗ ದಾಟಿ ಕೆರೆಯಂಗಳಕ್ಕೆ ಇಳಿಯಿತು. ಅದು ಕಣ್ಮರೆಯಾದ ಮೇಲೆಯೇ ಗೇರು ಹಾಕಿದೆ.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದರು. "ತಡ ಆಯ್ತಲ್ಲೋ," ಎಂದರು.

"ಹಂದಿ ಅಡ್ಡ ಬಂತಕ್ಕ. ಎಲ್ಲಾ ದಾಟೋವರ್ಗೂ ನಿಂತಿದ್ದೆ."

ಅವರು ಬಟ್ಟೆ ಸರಿಸಿದರು. ಹುಳು ತಲೆಯೆತ್ತಿ ಮೇವು ಹುಡುಕುತ್ತಿದ್ದವು. ಹೆಚ್ಚಿದ ಸೊಪ್ಪು ಉದುರಿಸಿ, ತಟ್ಟೆಗೆ ಕಿವಿ ಕೊಟ್ಟು ಕೂತರು. ಎಳೆ ಹುಳು ಮೇಯುವ ಸದ್ದು ನನಗಂತೂ ಕೇಳಿಸಲಿಲ್ಲ. ಅವರಿಗೆ ಕೇಳಿಸಿರಬೇಕು. "ಮುಂದಿನ ಬೆಳೇಗೂ ನೀನೇ ತಾರಪ್ಪ," ಎಂದು ಒಳಗೆ ಹೋಗಿ ಕಾಫಿ ತಂದರು. ನನಗೆ ಅಳು ಬಂತು. ಕಣ್ಣಿಗೆ ಧೂಳು ಬಿತ್ತು ಎಂದೆ.

ಮರುವರ್ಷದ ಸುಗ್ಗಿಯಲ್ಲಿ ಆ ತಿರುವಿಗೆ ಬಂದಾಗ ಹುರುಳಿ ರಸ್ತೆಯ ಅರ್ಧಕ್ಕೆ ಮಾತ್ರ ಹರಡಿತ್ತು. ಉಳಿದರ್ಧಕ್ಕೆ ಸಾಲಾಗಿ ಕಲ್ಲಿಟ್ಟು ಟಾರನ್ನು ಗುಡಿಸಿದ್ದರು. ಕಣದ ಅಂಚಿನಲ್ಲಿ ಅಕ್ಕ ಪೊರಕೆ ಹಿಡಿದು ನಿಂತಿದ್ದರು.

"ಹೋಗೋ ಸಾಬಣ್ಣ, ದಾರಿ ಬಿಟ್ಟಿದೀವಿ," ಎಂದು ಕೂಗಿದರು.

ನಾನು ಎಂಜಿನ್ ಆರಿಸಿ ಇಳಿದೆ.

"ಇನ್ನೂ ಯಾಕೋ ತಳ್ತೀಯಾ?"

"ನೀವು ಬಿಟ್ಟಿದೀರಕ್ಕ. ನವಿಲಿಗೆ ಯಾರು ಹೇಳ್ತಾರೆ?" ಎಂದು, ಅವರು ಗುಡಿಸಿಟ್ಟ ದಾರಿಯಲ್ಲಿ ಹುಳು ಹೊತ್ತ ಗಾಡಿಯನ್ನು ತಳ್ಳಿಕೊಂಡು ನಡೆದೆ.