ಮಷೀನಿನ ಮೇಲೆ ಬರೆಸಿದ ಅಡ್ಡಹೆಸರು

ತೊಗರಿ ಕುಡಿ ಚಿವುಟುವ ಬ್ಯಾಟರಿ ಮಷೀನು ಮಾಡಿದವನು ನಾನು. ಅಫಜಲಪುರ ತಾಲ್ಲೂಕಿನಲ್ಲಿ ಇಂಥ ತಲೆ ಇನ್ನೊಂದಿಲ್ಲ. ಅದಕ್ಕೇ ಅದರ ಮೇಲೆ ನಮ್ಮ ಅಡ್ಡಹೆಸರು ‘ಹಿರೋಳ್ಳಿ’ ಅಂತ ದೊಡ್ಡದಾಗಿ ಬರೆಸಿದ್ದೆ. ಅಜ್ಜ ಆಳಂದದ ಕಡೆಯ ಹಿರೋಳ್ಳಿ ಎಂಬ ಊರು ಬಿಟ್ಟು ಬಂದಿದ್ದಕ್ಕೆ ನಮಗೆ ಬಿದ್ದ ಹೆಸರದು. ನಾನು ಆ ಊರನ್ನು ಕಂಡೇ ಇಲ್ಲ.

ಜೇವರ್ಗಿ ಹತ್ತಿರ ಒಬ್ಬ ಮುದುಕ ರೈತನ ಹೊಲದಲ್ಲಿ ಓಡಿಸಿ ತೋರಿಸಿದೆ. ಮೆಚ್ಚಿದ. ಮೊದಲ ಗಿರಾಕಿ ಸಿಕ್ಕ ಅಂದುಕೊಂಡೆ.

“ನಮ್ಮ ಬೀಗರು ಹಿರೋಳ್ಳಿಯವರೇ ಅದಾರ. ಅಲ್ಲೇ ಹೋಗಿ ತೊಗೋತೇನಿ,” ಅಂದ, ಮಷೀನಿನ ಮೇಲಿನ ಹೆಸರು ಓದಿ.

“ಯಜಮಾನ್ರ, ಅದು ನನ್ನ ಅಡ್ಡಹೆಸರ್ರಿ. ಮಾಡಿದಾಂವ ನಾನೇ.”

“ಊರಿನ ಹೆಸರು ಹಚ್ಕೊಂಡ್ರ ಊರಿನ ಮಾಲು ನಿಂದಾಗ್ತದೇನಲೇ?”

ಆಧಾರ್ ಕಾರ್ಡು ತೋರಿಸಿದೆ. ಓದಿ, ಮರಳಿ ಕೊಟ್ಟು, ಬೆನ್ನು ತಟ್ಟಿದ.

“ಛಲೋ ಓಡಸ್ತಿ. ಮಾಡಿದಾವ್ರಿಗೆ ನಿನ್ನ ಬಗ್ಗೆ ಒಂದು ಮಾತು ಹೇಳ್ತೇನಿ.”

ನನ್ನನ್ನು ನನಗೇ ಶಿಫಾರಸು ಮಾಡಲು ಮುದುಕ ಮರುದಿನವೇ ಆಳಂದದ ಬಸ್ಸು ಹತ್ತಿದನಂತೆ.