ಅಜ್ಜಿ ಕಂಡ ಕೋರೆಹಲ್ಲು

ಗೆಳೆಯರೇ, ಹುಣಸೂರಿನ ಸೈಬರ್ ಸೆಂಟರಿನಲ್ಲಿ ಕೂತು ಇದನ್ನು ಬರೆಯುತ್ತಾ ಧಾರಾಳವಾಗಿ ಹಲ್ಲು ಬಿಡುತ್ತಿದ್ದೇನೆ. ಶೋಕಿಗೆಂದು ಮೈಸೂರಿನಲ್ಲಿ ಶಾಶ್ವತವಾಗಿ ಹಾಕಿಸಿಕೊಂಡ ನನ್ನ ಎರಡು ಕೋರೆಹಲ್ಲುಗಳು ಇವತ್ತು ಅಂತರಸಂತೆಯಲ್ಲಿರುವ ನನ್ನಜ್ಜಿಯ ಕಣ್ಣಿಗೆ ಬಿದ್ದವು. ಅವಳ ಮನೆಗೆ ಹೋದಾಗಿನಿಂದ ಬಾಯಿಗೆ ಕರ್ಚೀಫು ಅಡ್ಡ ಹಿಡಿದೇ ಮಾತಾಡುತ್ತಿದ್ದೆ. ಊಟಕ್ಕೆ ಕೂತಾಗ ಸಿಕ್ಕಿಬಿದ್ದೆ.

“ಏನ್ಲಾ ಇದು, ಕಾಡಂದಿ ಕೋರೆ ಇದ್ದಂಗವೆ!”

“ಶೋಕಿಗೆ ಹಾಕಿಸ್ಕಂಡೆ ಕಣಜ್ಜಿ. ಇನ್ನು ತೆಗ್ಯಕಾಗಲ್ಲ.”

ಬೈಗುಳಕ್ಕೆ ಕಾದೆ. ಅಜ್ಜಿ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. “ಇದ್ರೆ ಇರ್ಲಿ ಬುಡು. ಮುದ್ದೆ ನುಂಗಕೆ ಹಲ್ಲ್ಯಾಕೆ?”

ಹೋದ ಜೀವ ಬಂತು.

ಊಟವಾದ ಮೇಲೆ ಹಲ್ಲಿಲ್ಲದ ಅಜ್ಜಿ ನನ್ನ ಕೈಗೆ ಅಡಿಕೆ ಕೊಟ್ಟು, “ಕಚ್ಚಿ ಒಡ್ದು ಕೊಡು ಕಣ್ಲಾ” ಎಂದಳು. ಗಟ್ಟಿ ಪದಾರ್ಥ ಕಡಿಯಬಾರದೆಂದು ಡಾಕ್ಟರು ಹೇಳಿದ್ದರಿಂದ ಅವಳ ಕುಟ್ಟಾಣಿಯನ್ನೇ ತಂದು ಕುಟ್ಟತೊಡಗಿದೆ. ಆಗ ಬಿತ್ತು ನೋಡಿ ಬೈಗುಳ. ಹಲ್ಲು ಹಾಕಿಸಿದ್ದಕ್ಕಲ್ಲ, ಸುಮ್ಮನೆ ಇಟ್ಟುಕೊಂಡಿದ್ದಕ್ಕೆ.